ತೋಟದ ಆಫೀಸಿನಲ್ಲಿ ಕಲಿತ ಇಂಗ್ಲಿಷ್ ನುಡಿಗಟ್ಟುಗಳು

ಮಡಿಕೇರಿ ಹತ್ತಿರದ ಒಂದು ಕಾಫಿ ತೋಟದಲ್ಲಿ ನಾನು ರೈಟರ್, ಅಂದರೆ ಲೆಕ್ಕಪತ್ರ ನೋಡುವ ಗುಮಾಸ್ತ. ಓದಿದ್ದು ಸೋಮವಾರಪೇಟೆ ಕಡೆಯ ಕನ್ನಡ ಶಾಲೆಯಲ್ಲಿ. ತೋಟದ ಹಳೇ ಮನೆ ಈಗ ಹೋಂಸ್ಟೇ ಆಗಿದೆ. ಹಾಗಾಗಿ ಕಾಫಿ ಕೊಳ್ಳುವವರ ಮೇಲ್, ಬರುವ ಅತಿಥಿಗಳ ಮೆಸೇಜ್, ಎರಡೂ ನನ್ನ ಹತ್ತಿರವೇ ಬರುತ್ತವೆ. ಲೆಕ್ಕ, ರೇಟು, ಬುಕಿಂಗ್ ಇಷ್ಟರ ಇಂಗ್ಲಿಷ್ ಬೇಗ ಹಿಡಿತಕ್ಕೆ ಬಂತು. ತಲೆ ತಿಂದಿದ್ದು ನುಡಿಗಟ್ಟುಗಳು. ಒಂದೊಂದು ಪದವೂ ಗೊತ್ತು, ಆದರೆ ಒಟ್ಟು ಸಾಲು ಏನು ಹೇಳುತ್ತಿದೆ ಅಂತ ತಿಳಿಯುವುದಿಲ್ಲ.

ನೂರು ನುಡಿಗಟ್ಟು, ಪಕ್ಕದಲ್ಲಿ ನೂರು ಅರ್ಥ, ಹೀಗೆ ಅಚ್ಚಾದ ಪಟ್ಟಿಗಳು ಬೇಕಾದಷ್ಟು ಸಿಗುತ್ತವೆ. ಅವನ್ನು ಬಾಯಿಪಾಠ ಮಾಡುವ ದಾರಿ ನನಗೆ ಒಗ್ಗಲಿಲ್ಲ. ಬದಲಿಗೆ ಒಂದು ಪ್ರಶ್ನೆ ಇಟ್ಟುಕೊಂಡೆ: ಈ ಮಾತು ಯಾವ ಕೆಲಸ ಮಾಡುವವರ ಬಾಯಿಂದ ಬಂತು? ಬೇಟೆ, ಕೋವಿ, ಹಡಗು, ಕುದುರೆ, ಆಟದ ಮೈದಾನ... ಇಂಗ್ಲಿಷ್ ನುಡಿಗಟ್ಟುಗಳಲ್ಲಿ ಎಷ್ಟೋ ಇಂಥ ಕಡೆಯಿಂದಲೇ ಬಂದಿವೆ. ಕೊಡಗಿನವರಿಗೆ ಇದರಲ್ಲಿ ಒಂದಷ್ಟು ಮನೆಯಲ್ಲೇ ಇದೆ.

ಕೋವಿಯನ್ನೇ ನೋಡಿ. ಸೆಪ್ಟೆಂಬರ್ ಶುರುವಿನಲ್ಲಿ ಕೊಡಗಿನ ಆಯುಧಪೂಜೆಯ ಹಬ್ಬ ಕೈಲ್ ಮುಹೂರ್ತ ಬರುತ್ತದೆ. ನಾಟಿ ಕೆಲಸ ಮುಗಿದಿರುತ್ತದೆ. ನಮ್ಮ ಸಾಹುಕಾರರ ಮನೆಯಲ್ಲಿ ಕೋವಿಗಳನ್ನು ಒರೆಸಿ, ಎಣ್ಣೆ ಹಾಕಿ, ತೋಕ್ ಪೂ ಅನ್ನುವ ಕೋವಿ ಹೂ ಸಿಕ್ಕಿಸಿ ಪೂಜೆಗೆ ಇಡುತ್ತಾರೆ. ಸಾಹುಕಾರರು ಮಿಲಿಟರಿಯಲ್ಲಿ ಇದ್ದು ಬಂದವರು. ಒಂದು ವರ್ಷ ಅವರು ಒರೆಸುತ್ತಾ ಕೂತಿದ್ದಾಗ, ಮಾರಾಟಕ್ಕಿದ್ದ ಪಕ್ಕದ ತೋಟದ ಕಾಗದದಲ್ಲಿದ್ದ ಒಂದು ಮಾತನ್ನು ಕೇಳಿದೆ. 'ಲಾಕ್, ಸ್ಟಾಕ್ ಆಂಡ್ ಬ್ಯಾರಲ್' ಮಾರುತ್ತೇವೆ ಅಂತ ಬರೆದಿತ್ತು.

'ಬನ್ನಿ ರೈಟ್ರೇ, ಇಲ್ಲೇ ಇದೆ' ಅಂದರು. ಕುದುರೆ (ಹಿಂದಕ್ಕೆ ಎಳೆದು ಬಿಟ್ಟರೆ ಬಡಿದು ಮದ್ದು ಹೊತ್ತಿಸುವ ಕೀಲು) ಇರುವ ಭಾಗಕ್ಕೆ ಬೆರಳಿಟ್ಟು, ಇದು ಲಾಕ್. ಭುಜಕ್ಕೆ ಆನಿಸುವ ಮರದ ಭಾಗ ಸ್ಟಾಕ್. ನಳಿಗೆ ಬ್ಯಾರಲ್. ಹಳೇ ಕಾಲದ ಕೋವಿ ಅಂದರೆ ಈ ಮೂರೇ. ಮೂರೂ ಸೇರಿದರೆ ಇಡೀ ಕೋವಿ. ಅಲ್ಲಿಂದ 'ಏನೂ ಬಿಡದೆ ಎಲ್ಲವೂ' ಅನ್ನುವ ಅರ್ಥ ಬಂತು. ಆ ಕಾಗದದ ಪ್ರಕಾರ ಜಮೀನು, ಬಂಗಲೆ, ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್, ಒಣಗಿಸುವ ಕಣ, ಕೆಲಸಗಾರರ ಲೈನ್ ಮನೆ ಎಲ್ಲವನ್ನೂ ಒಟ್ಟಿಗೇ ಕೊಡುತ್ತಾರೆ, ಬಿಡಿಬಿಡಿಯಾಗಿ ಅಲ್ಲ.

ಅದೇ ಕೋವಿಯಿಂದ ಇನ್ನೂ ಎರಡು ಸಿಕ್ಕವು. ಹಿಂದಿನ ಚಕಮಕಿ ಕಲ್ಲಿನ ಕೋವಿಗಳಲ್ಲಿ ನಳಿಗೆಯ ಪಕ್ಕ ಒಂದು ಸಣ್ಣ ಬಟ್ಟಲು ಇರುತ್ತಿತ್ತು. ಅದರಲ್ಲಿ ಚೂರು ಮದ್ದು. ಕಿಡಿ ಬಿದ್ದು ಆ ಮದ್ದು ಹೊತ್ತಿ, ಬೆಂಕಿ ಒಂದು ತೂತಿನ ಮೂಲಕ ನಳಿಗೆಯ ಒಳಗಿನ ಮದ್ದಿಗೆ ತಾಗಬೇಕು. ಕೆಲವು ಸಲ ಬಟ್ಟಲಿನದು ಮಾತ್ರ ಭಗ್ ಅಂತ ಹೊತ್ತಿ ಆರುತ್ತಿತ್ತು. ಈಡು ಹಾರುತ್ತಿರಲಿಲ್ಲ. ಅದೇ 'ಫ್ಲ್ಯಾಶ್ ಇನ್ ದ ಪ್ಯಾನ್'. ಒಂದು ವರ್ಷ ಮಿಂಚಿ ಆಮೇಲೆ ಸುದ್ದಿಯೇ ಇಲ್ಲದ ಆಟಗಾರನಿಗೆ, ಎರಡು ವಾರ ಏರಿ ಇಳಿದುಬಿಟ್ಟ ಕಾಫಿ ರೇಟಿಗೆ ಈ ಮಾತು ಬಳಸುತ್ತಾರೆ. ಪ್ಯಾನ್ ಅಂದರೆ ಅಡುಗೆಮನೆಯ ಬಾಣಲೆ ಅಂದುಕೊಂಡರೆ ಎಷ್ಟು ಯೋಚಿಸಿದರೂ ಅರ್ಥ ಹೊಳೆಯುವುದಿಲ್ಲ. ಇನ್ನೊಂದು 'ಹಾಫ್ ಕಾಕ್ಡ್'. ಕುದುರೆಯನ್ನು ಅರ್ಧಕ್ಕೆ ಎಳೆದು ನಿಲ್ಲಿಸಿದರೆ ಕೋವಿ ಹಾರಬಾರದು. ಆಗಲೇ ಹಾರಿದರೆ ಅನಾಹುತ. ಸರಿಯಾಗಿ ತಯಾರಾಗದೆ ಕೆಲಸಕ್ಕೆ ನುಗ್ಗುವವರಿಗೆ ಇದನ್ನು ಹೇಳುತ್ತಾರೆ.

'ಬೀಟ್ ಅರೌಂಡ್ ದ ಬುಷ್' ಬೇಟೆಯ ಮಾತು. ಪೊದೆ ಬಡಿದು ಹಕ್ಕಿ ಎಬ್ಬಿಸುವುದು ಒಂದು ಕೆಲಸ, ಹಿಡಿಯುವುದು ಇನ್ನೊಂದು. ಸುಮ್ನೆ ಪೊದೆಯ ಸುತ್ತಲೇ ಬಡಿಯುತ್ತಿದ್ದರೆ ಹಕ್ಕಿ ಕೈಗೆ ಬರುವುದಿಲ್ಲ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಬೇಟೆಗೆ ಕಡಿವಾಣ ಬಿತ್ತು. ಆದರೂ ಸೋವುವುದು, ಅಂದರೆ ಪೊದೆ ಬಡಿದು ಬೇಟೆ ಎಬ್ಬಿಸುವುದು, ಏನು ಅಂತ ಇಲ್ಲಿನ ಹಿರಿಯರಿಗೆ ವಿವರಿಸಬೇಕಾಗಿಲ್ಲ. ಕನ್ನಡದಲ್ಲಿ ನಾವು ಸುತ್ತಿ ಬಳಸಿ ಮಾತಾಡುವುದು ಅನ್ನುತ್ತೇವಲ್ಲ, ಅದೇ. ಮೇಲ್‌ನಲ್ಲಿ ಯಾರಾದರೂ 'ನಾನು ಪೊದೆ ಬಡಿಯುವುದಿಲ್ಲ' ಅಂತ ಶುರು ಮಾಡಿದರೆ ಅದರ ಮುಂದಿನ ಸಾಲನ್ನು ಎರಡು ಸಲ ಓದಿ. ರೇಟು ಇಳಿಸುವ ಮಾತು ಅಲ್ಲೇ ಇರುತ್ತದೆ.

ಹಾಕಿ ಗೊತ್ತಿದ್ದವರಿಗೆ 'ಮೂವ್ ದ ಗೋಲ್ ಪೋಸ್ಟ್ಸ್' ಹೇಳಿಕೊಡಬೇಕಾ? 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬ ನೋಡಿ ಬೆಳೆದ ಹುಡುಗರು ನಮ್ಮ ಆಫೀಸಿನಲ್ಲಿದ್ದಾರೆ. ಆಟದ ಮಧ್ಯೆ ಗೋಲ್ ಕಂಬ ಕಿತ್ತು ಬೇರೆ ಕಡೆ ನೆಟ್ಟರೆ ಹೇಗಿರುತ್ತದೆ ಅಂದರೆ ಸಾಕು. ಔಟ್‌ಟರ್ನ್ (ಒಣ ಕಾಫಿಯ ಸಿಪ್ಪೆ ತೆಗೆದಾಗ ಸಿಗುವ ಬೀಜದ ಪ್ರಮಾಣ) ನೋಡಿ ರೇಟು ಅಂತ ಒಪ್ಪಿಕೊಂಡವರು, ಲೋಡ್ ಹೊರಡುವ ಹೊತ್ತಿಗೆ ಮಾಯಿಶ್ಚರ್, ಅಂದರೆ ಬೀಜದ ತೇವದ ಬಗ್ಗೆ ಹೊಸ ಷರತ್ತು ತೆಗೆದರೆ ಅದು ಕಂಬ ಸರಿಸುವುದೇ.

ಮಳೆಯ ಮಾತುಗಳು ಹೋಂಸ್ಟೇಯಲ್ಲಿ ಜಾಸ್ತಿ. ನಾವು ಮಳೆಯನ್ನು ಇಂಚು, ಸೆಂಟ್ (ಇಂಚಿನ ನೂರರಲ್ಲೊಂದು ಪಾಲು) ಲೆಕ್ಕದಲ್ಲಿ ಬರೆದಿಡುವವರು. ಅತಿಥಿಯೊಬ್ಬರು ತಡಿಯಂಡಮೋಳ್ ಬೆಟ್ಟದ ಚಾರಣಕ್ಕೆ 'ರೇನ್ ಚೆಕ್' ತಗೊಳ್ತೀನಿ ಅಂದರೆ, ಮಳೆಪುಸ್ತಕ ತಂದು ತೋರಿಸೋಣ ಅನ್ನಿಸುವುದು ಸಹಜ. ಆದರೆ ಆ ಮಾತಿನ ಮೂಲ ಅಮೆರಿಕದ ಬೇಸ್‌ಬಾಲ್. ಮಳೆ ಬಂದು ಆಟ ನಿಂತರೆ, ಇನ್ನೊಂದು ದಿನದ ಆಟಕ್ಕೆ ಒಳಗೆ ಬಿಡುವ ಚೀಟಿ ಕೊಡುತ್ತಿದ್ದರು. 1880ರ ದಶಕದಿಂದ ಇದು ಬಳಕೆಯಲ್ಲಿದೆ. ಈಗಿನ ಅರ್ಥ: ಕರೆದಿದ್ದಕ್ಕೆ ಸಂತೋಷ, ಇವತ್ತು ಬೇಡ, ಇನ್ನೊಮ್ಮೆ ನೋಡೋಣ. ಚೆನ್ನಾಗಿ ಬಿಸಿಲಿರುವ ದಿನವೂ ಹೇಳಬಹುದು. ಹೀಗೆ ಹೇಳಿದವರಿಗೆ ಜೀಪ್ ಬುಕ್ ಮಾಡಬೇಡಿ, ಮತ್ತೆ ಒತ್ತಾಯವನ್ನೂ ಮಾಡಬೇಡಿ.

'ರೇನಿಂಗ್ ಕ್ಯಾಟ್ಸ್ ಆಂಡ್ ಡಾಗ್ಸ್' ಎಲ್ಲರಿಗೂ ಗೊತ್ತು. ಹುಲ್ಲಿನ ಮಾಡಿನ ಮೇಲೆ ಮಲಗಿದ್ದ ಬೆಕ್ಕು, ನಾಯಿ ಮಳೆಗೆ ಜಾರಿ ಬೀಳುತ್ತಿದ್ದವು ಅನ್ನುವ ಕಥೆಯನ್ನು ನಂಬಬೇಡಿ. ಅದು 1999ರ ಸುಮಾರಿಗೆ ಇಮೇಲ್‌ಗಳಲ್ಲಿ ಹರಿದಾಡಿದ ಕಟ್ಟುಕಥೆ. ಆ ಮಾತಿನ ಮೂಲ ಇನ್ನೂ ಯಾರಿಗೂ ಪಕ್ಕಾ ತಿಳಿದಿಲ್ಲ. ಮೂಲ ಹುಡುಕುವ ನನ್ನ ದಾರಿಗೆ ಇರುವ ದೊಡ್ಡ ಅಪಾಯ ಇದೇ: ಸ್ವಾರಸ್ಯದ ಕಥೆ ಕೂಡಲೇ ಮನಸ್ಸಿಗೆ ಅಂಟುತ್ತದೆ. ಅದಕ್ಕೇ ಒಳ್ಳೆಯ ಡಿಕ್ಷನರಿಯಲ್ಲಿ ಒಮ್ಮೆ ನೋಡುತ್ತೇನೆ. ಕಲಿಯುವವರಿಗೆ ಅಂತ ಮಾಡಿದ ಡಿಕ್ಷನರಿಗಳಲ್ಲಿ ಇನ್ನೊಂದು ಉಪಕಾರ ಇದೆ. ಈ ಮಾತು ಹಳೆಯದು, ಇದು ಸಲಿಗೆಯದು, ಇದು ಬ್ರಿಟನ್‌ನದು ಅಂತ ಗುರುತು ಹಾಕಿರುತ್ತಾರೆ. ಬೆಕ್ಕು ನಾಯಿಯ ಮಳೆ ಈಗ ಹಳೇ ಮಾತು. ನಮ್ಮ ಅತಿಥಿಗಳು ಬರೀ 'ಇಟ್ಸ್ ಪೋರಿಂಗ್' ಅನ್ನುತ್ತಾರೆ.

ದೇಶದ ಗುರುತು ವ್ಯವಹಾರದಲ್ಲಿ ಬಹಳ ಮುಖ್ಯ. ವಿಷಯವನ್ನು 'ಟೇಬಲ್' ಮಾಡೋಣ ಅಂದರೆ ಬ್ರಿಟನ್ನಿನವರಿಗೆ ಚರ್ಚೆಗೆ ತೆಗೆದುಕೊಳ್ಳೋಣ ಅಂತ. ಅಮೆರಿಕದವರಿಗೆ ಸದ್ಯಕ್ಕೆ ಬದಿಗಿಡೋಣ ಅಂತ. ಪೂರ್ತಿ ಉಲ್ಟಾ. ಮೇಲ್ ಎಲ್ಲಿಂದ ಬಂತು ಅಂತ ನೋಡದೆ ಉತ್ತರ ಬರೆಯಬಾರದು.

ಮೂಲ ಸಿಗದಿದ್ದರೆ ಕನ್ನಡದಲ್ಲಿ ಜೋಡಿ ಹುಡುಕುತ್ತೇನೆ. 'ಸಿಟ್ ಆನ್ ದ ಫೆನ್ಸ್', ಬೇಲಿಯ ಮೇಲೆ ಕೂತವನು ಅಂದರೆ ಅಡ್ಡಗೋಡೆ ಮೇಲೆ ದೀಪ ಇಟ್ಟವನು. 'ಬಟರ್ ಅಪ್' ಅಂದರೆ ಬೆಣ್ಣೆ ಹಚ್ಚುವುದು, ಎರಡೂ ಭಾಷೆಯಲ್ಲಿ ಬೆಣ್ಣೆಯೇ. ಆದರೆ ಹೋಲಿಕೆ ಕಂಡ ಕೂಡಲೇ ಖುಷಿಪಡಬೇಡಿ. 'ಪುಲ್ ಸಮ್‌ವನ್ಸ್ ಲೆಗ್' ಬರೀ ತಮಾಷೆಗೆ ಸುಳ್ಳು ಹೇಳಿ ಆಟ ಆಡಿಸುವುದು. ನಾವು ಕಾಲೆಳೆಯುತ್ತಾನೆ ಅಂದಾಗ ತಮಾಷೆಯೂ ಇರಬಹುದು, ಮೇಲೆ ಬರುವವನನ್ನು ಕೆಳಕ್ಕೆ ಎಳೆಯುವ ಹೊಟ್ಟೆಕಿಚ್ಚೂ ಇರಬಹುದು. ಇಂಗ್ಲಿಷಿನ ಮಾತಿನಲ್ಲಿ ಆ ಹೊಟ್ಟೆಕಿಚ್ಚು ಇಲ್ಲ.

ನನ್ನ ನೋಟ್‌ಬುಕ್‌ನಲ್ಲಿ ನುಡಿಗಟ್ಟನ್ನು ಒಂಟಿಯಾಗಿ ಬರೆಯುವುದಿಲ್ಲ. ಬಂದ ಪೂರ್ತಿ ಸಾಲು, ಯಾರು ಯಾರಿಗೆ ಹೇಳಿದರು, ಆಮೇಲೆ ಏನಾಯಿತು, ಇಷ್ಟನ್ನೂ ಬರೆಯುತ್ತೇನೆ. ಯಾವ ಮಾತು ಎಲ್ಲಿ ಸಲ್ಲುತ್ತದೆ ಅಂತ ತಿಳಿಯುವುದು ಅದರಿಂದಲೇ. 'ಕಿಕ್ ದ ಬಕೆಟ್' ಅಂದರೆ ಸಾಯುವುದು. ಪಟ್ಟಿಯಲ್ಲಿ ಅಷ್ಟೇ ಇರುತ್ತದೆ. ಆದರೆ ಅದು ಕನ್ನಡದ 'ಗೊಟಕ್ ಅಂದ' ಅನ್ನುವ ಜಾತಿಯ ಮಾತು. ಸಾವಿನ ಮನೆಗೆ ಬರೆಯುವ ಕಾಗದದಲ್ಲಿ ಅದು ಬರಲೇಬಾರದು. ಪಾಸ್ಡ್ ಅವೇ ಅನ್ನಬೇಕು. ಆಫೀಸಿಗೆ ಹೊಸದಾಗಿ ಸೇರುವ ಹುಡುಗರಿಗೆ ನಾನು ಮೊದಲು ಹೇಳುವುದೇ ಇದು.

ಅರ್ಥ ಮಾಡಿಕೊಳ್ಳುವುದು ಬೇರೆ, ಬಳಸುವುದು ಬೇರೆ. ಬರುವ ಎಲ್ಲ ನುಡಿಗಟ್ಟೂ ನನಗೆ ಅರ್ಥವಾಗಬೇಕು, ಆದರೆ ನಾನು ಕಳಿಸುವ ಮೇಲ್‌ನಲ್ಲಿ ಒಂದೂ ಇಲ್ಲದಿದ್ದರೂ ನಷ್ಟವಿಲ್ಲ. ಸಂಶಯ ಬಂದರೆ ಅತಿಥಿಗಳನ್ನೇ ಕೇಳುತ್ತೇನೆ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಎಷ್ಟೋ ಜನ ತಮ್ಮೂರಿನಲ್ಲಿ ಅದನ್ನು ಯಾವಾಗ ಹೇಳುತ್ತಾರೆ, ಯಾವಾಗ ಹೇಳುವುದಿಲ್ಲ ಅಂತ ಕಾಫಿ ಮುಗಿಯುವ ತನಕ ಹೇಳುತ್ತಾರೆ. ನೋಟ್‌ಬುಕ್ಕಿನ ಒಳ್ಳೆಯ ಪುಟಗಳೆಲ್ಲ ಹಾಗೆ ಬಂದವು.