ತೌಡಿನ ಮಣ್ಣಿನ ಬ್ಯಾಕ್ಟೀರಿಯಾ ಕೊನೆಗೂ ವೆನಿಲಿನ್ ಕೊಟ್ಟಿತು: ನನ್ನ ಅನುಭವ

ತೌಡಿನಲ್ಲಿರುವ ಫೆರುಲಿಕ್ ಆಮ್ಲ ತಿಂದು ವೆನಿಲಿನ್ (ವೆನಿಲ್ಲಾದ ಪರಿಮಳ ಕೊಡುವ ವಸ್ತು) ಮಾಡುವ ಬ್ಯಾಕ್ಟೀರಿಯಾ ಹುಡುಕುವುದು ದೊಡ್ಡ ಕೆಲಸವಲ್ಲ. ಗಂಗಾವತಿ ಕಡೆ ಯಾವ ರೈಸ್ ಮಿಲ್ಲಿನ ಹಿಂದೆ ಹೋದರೂ ತೌಡು ಚೆಲ್ಲಿದ ಎರೆಮಣ್ಣು ಸಿಗುತ್ತದೆ. ಕಷ್ಟ ಇರುವುದು ಅದನ್ನು ವೆನಿಲಿನ್ ಹತ್ತಿರ ನಿಲ್ಲಿಸುವುದರಲ್ಲಿ. ನನಗೆ ಸಿಕ್ಕ ಸ್ಟ್ರೆಪ್ಟೊಮೈಸಿಸ್ ಎಂಬ ಬ್ಯಾಕ್ಟೀರಿಯಾ ವೆನಿಲಿನ್ ಮಾಡುತ್ತಿತ್ತು, ಹಿಂದೆಯೇ ಅದನ್ನು ನನಗೆ ಬೇಡದ ವೆನಿಲಿಕ್ ಆಮ್ಲ ಮಾಡಿ ಮುಗಿಸುತ್ತಿತ್ತು. ರಾತ್ರಿ ಟಿಎಲ್‌ಸಿ ಪ್ಲೇಟಿಗೆ (ವಸ್ತುಗಳನ್ನು ಬೇರ್ಪಡಿಸಿ ನೋಡುವ ತೆಳು ಹಾಳೆ) ವೆನಿಲಿನ್ ತೋರಿಸುವ ಡಿಎನ್‌ಪಿ ದ್ರಾವಣ ಹೊಡೆದರೆ ಚೆಂದದ ಕಿತ್ತಳೆ ಚುಕ್ಕೆ. ಬೆಳಿಗ್ಗೆ ಖಾಲಿ!

"ಡಿಹೈಡ್ರೋಜಿನೇಸ್ ಜೀನ್ ತೆಗೆಯದೆ ಆಗಲ್ಲ, ಸುಮ್ನೆ ದುಡ್ಡು ಹಾಳು ಮಾಡ್ಕೋಬೇಡ" ಅಂದರು ಗೊತ್ತಿದ್ದವರೆಲ್ಲ. ವೆನಿಲಿನ್ ಅನ್ನು ವೆನಿಲಿಕ್ ಆಮ್ಲ ಮಾಡುವ ಎಂಜೈಮಿನ ಜೀನ್ ಅದು. ಜೀನ್ ತೆಗೆಯುವ ಸೌಕರ್ಯ ನನ್ನ ಶೆಡ್ಡಿಗೆ ಎಲ್ಲಿಂದ ಬರಬೇಕು?

ದುಡ್ಡು ಹೋಗಿದ್ದು ಮಾತ್ರ ನಿಜ, ಒಟ್ಟು ಮೂರು ಲಕ್ಷದ ಆಸುಪಾಸು. ಅದರಲ್ಲಿ ಬಹುಪಾಲು ನುಂಗಿದ್ದು ಬಿಸಿಲು. ಫ್ಲಾಸ್ಕು ಅಲುಗಾಡಿಸಿ ಬ್ಯಾಕ್ಟೀರಿಯಾ ಬೆಳೆಸುವ ನನ್ನ ಶೇಕರಿಗೆ ಕೂಲಿಂಗ್ ಇಲ್ಲ. ಏಪ್ರಿಲ್‌ನಲ್ಲಿ 30 ಡಿಗ್ರಿಗೆ ಇಟ್ಟರೂ ಒಳಗೆ 38 ತೋರಿಸುತ್ತದೆ. ಎಸಿ ಹಾಕಿಸಿದೆ, ಆಮೇಲೆ ಕರೆಂಟ್ ಕಾಟ. ಶೇಕರ್ ನಿಂತರೆ ಗಾಳಿ ಸಿಗದೆ ಆ ಬ್ಯಾಚ್ ಹೋದಂತೆಯೇ. ಹಾಗಾಗಿ ಇನ್ವರ್ಟರೂ ಬಂತು.

ಕೆಲಸ ಮಾಡಿದ್ದು ಮೂರು ಸಂಗತಿ. ಬೆಳವಣಿಗೆ ಮುಗಿಯುವ ಹೊತ್ತಿಗೆ ಪಿಎಚ್ ಅನ್ನು 8.2ರ ಸುತ್ತ ಏರಿಸಿದೆ, ವೆನಿಲಿಕ್ ಆಮ್ಲ ಅರ್ಧಕ್ಕರ್ಧ ಇಳಿಯಿತು. ಫೆರುಲಿಕ್ ಆಮ್ಲವನ್ನು ಸೋಡಿಯಂ ಲವಣ ಮಾಡಿಕೊಂಡು ಕಂತಿನಲ್ಲಿ ಹಾಕಿದೆ. ನೈಲಾನ್ ಚೀಲದಲ್ಲಿ ಎಚ್‌ಪಿ-20 ಎಂಬ, ವಸ್ತುಗಳನ್ನು ಹಿಡಿದಿಟ್ಟುಕೊಳ್ಳುವ ರೆಸಿನ್ ಮಣಿ ಇಳಿಬಿಟ್ಟೆ. ಆದ ವೆನಿಲಿನ್ ಅದಕ್ಕೆ ಅಂಟಿಕೊಂಡರೆ ಕೋಶಕ್ಕೆ ವಿಷವೂ ತಟ್ಟುವುದಿಲ್ಲ, ಎಂಜೈಮಿಗೂ ಸಿಗುವುದಿಲ್ಲ. ಒಂದು ತೊಡಕಿದೆ. ವೆನಿಲಿನ್ ಪಿಕೆಎ (ಅರ್ಧ ಭಾಗ ಅಯಾನ್ ಆಗುವ ಪಿಎಚ್) 7.4ರ ಹತ್ತಿರ, ಅಂದರೆ ಈ ಪಿಎಚ್‌ನಲ್ಲಿ ಅದು ಬಹುಪಾಲು ಅಯಾನ್ ಆಗಿ ರೆಸಿನ್ ಹಿಡಿತ ಸಡಿಲ. ಕೈಬಿಚ್ಚಿ ಹಾಕಬೇಕು. ಯಾವ ಗಂಟೆಗೆ ಚೀಲ ಇಳಿಸಬೇಕು, ಸಾರಜನಕಕ್ಕೆ ಏನು ಹಾಕುತ್ತೇನೆ, ಅದೆರಡು ಹೇಳಲ್ಲ. ನನ್ನ ಊಟ ಅದರಲ್ಲೇ ಇದೆ.

ನಡುವೆ ಜೋಳದ ಹೊಟ್ಟಿನ ಹುಚ್ಚೂ ಹತ್ತಿತ್ತು. ಕ್ಷಾರದಲ್ಲಿ ಕುದಿಸಿದರೆ ಫೆರುಲಿಕ್ ಬರುತ್ತದೆ, ಜೊತೆಗೆ ಕಂದು ಬಣ್ಣದ ರಗಳೆಯೂ ಬರುತ್ತದೆ. ರೆಸಿನ್ ಕಪ್ಪಾಗಿ ಹೋಯಿತು. ಫೆರುಲಿಕ್ ತೆಗೆಯಲು ತೌಡೆಣ್ಣೆ ರಿಫೈನರಿಯ ಸೋಪ್‌ಸ್ಟಾಕ್‌ನಲ್ಲಿ (ಎಣ್ಣೆ ಶುದ್ಧಿ ಮಾಡುವಾಗ ಉಳಿಯುವ ಸಾಬೂನಿನಂಥ ಕಲ್ಮಶ) ಸಿಗುವ ಒರೈಝನಾಲ್ ಇದಕ್ಕಿಂತ ಎಷ್ಟೋ ವಾಸಿ.

ಈಗ ಲೀಟರಿಗೆ 5 ಗ್ರಾಂ ಫೆರುಲಿಕ್ ಹಾಕಿದರೆ ಎರಡೂವರೆ ಗ್ರಾಂ ವೆನಿಲಿನ್ ಬರುತ್ತದೆ. ಲೆಕ್ಕದ ಗರಿಷ್ಠವೇ 3.9 ಗ್ರಾಂ, ಅಲ್ವಾ? ಹೆಚ್ಚು ಫೆರುಲಿಕ್ ಹಾಕಿ ಲೀಟರಿಗೆ 10 ಗ್ರಾಂ ದಾಟಿದವರೂ ಇದ್ದಾರೆ, ಆದರೆ ಅವರದು ಗಾಳಿ, ಪಿಎಚ್ ಹಿಡಿತದಲ್ಲಿಡುವ ಫರ್ಮೆಂಟರ್, ನನ್ನದು ಬರೀ ಫ್ಲಾಸ್ಕು. ಸದ್ಯ ಎಥನಾಲ್‌ನಲ್ಲಿ ತೊಳೆದ ರೆಸಿನ್ ಎಷ್ಟು ಸಲ ತಡೆಯುತ್ತದೆ ಎಂದು ನೋಡುತ್ತಿದ್ದೇನೆ. ಈಗ ಒಂದೊಂದು ಬ್ಯಾಚಿನ ಖರ್ಚಿನಲ್ಲಿ ಅರ್ಧಕ್ಕಿಂತ ಜಾಸ್ತಿ ರೆಸಿನ್‌ದೇ.