ತಾನಾಗಿ ಆಫ್ ಆಗಿ ರೀಸ್ಟಾರ್ಟ್ ಆಗುವ ಕಂಪ್ಯೂಟರ್: ದೋಷ ಪತ್ತೆ ಮಾಡುವ ಕ್ರಮ

ಮನೆಯ ಕಂಪ್ಯೂಟರ್ ಪದೇ ಪದೇ ಆಫ್ ಆಗಿ ತಾನೇ ರೀಸ್ಟಾರ್ಟ್ ಆಗುತ್ತಿದ್ದರೆ ಅನೇಕರು ಮೊದಲು ಮಾಡುವುದು ವಿಂಡೋಸ್ ಅನ್ನು ಹೊಸದಾಗಿ ಹಾಕಿಸುವ ಕೆಲಸ. ಅದು ಕೊನೆಗೆ ಮಾಡಬೇಕಾದದ್ದು. ಯಂತ್ರ ನಿಲ್ಲುವ ಮುನ್ನ ವಿಂಡೋಸ್‌ಗೆ ಅದರ ಸುಳಿವಿತ್ತೇ ಎಂಬುದನ್ನು ಮೊದಲು ತಿಳಿಯಬೇಕು.

ಸ್ಟಾರ್ಟ್ ಮೆನುವಿನಲ್ಲಿ ‘ಅಡ್ವಾನ್ಸ್‌ಡ್ ಸಿಸ್ಟಮ್ ಸೆಟ್ಟಿಂಗ್ಸ್’ ಹುಡುಕಿ, ‘ಸ್ಟಾರ್ಟಪ್ ಅಂಡ್ ರಿಕವರಿ’ ಭಾಗದಲ್ಲಿ ‘ಆಟೊಮ್ಯಾಟಿಕಲಿ ರೀಸ್ಟಾರ್ಟ್’ ಎಂಬುದರ ಮುಂದಿನ ಗುರುತನ್ನು ತೆಗೆಯಿರಿ. ಮುಂದಿನ ಸಲ ವಿಂಡೋಸ್ ಕುಸಿದರೆ ದೋಷದ ಕೋಡ್ ಪರದೆಯ ಮೇಲೆಯೇ ನಿಲ್ಲುತ್ತದೆ, ಅದನ್ನು ಬರೆದಿಟ್ಟುಕೊಳ್ಳಿ. ಕೋಡ್ ಕಾಣಿಸದೆ ಪರದೆ ತಟ್ಟನೆ ಕಪ್ಪಾದರೆ ಸಂಶಯ ವಿದ್ಯುತ್ತು ಅಥವಾ ಬಿಸಿಯ ಕಡೆಗೆ ತಿರುಗಬೇಕು. ವಿಂಡೋಸ್ ತನ್ನಲ್ಲಿ ನಡೆದದ್ದನ್ನು ಬರೆದಿಡುವ ‘ಇವೆಂಟ್ ವ್ಯೂವರ್’ನ ಸಿಸ್ಟಮ್ ದಾಖಲೆಯನ್ನೂ ನೋಡಿ. ಅಲ್ಲಿ ಕಾಣುವ ‘ಕರ್ನಲ್-ಪವರ್ 41’ ಎಂಬ ನಮೂದನ್ನೇ ಕಾಯಿಲೆಯೆಂದು ಭಾವಿಸುವವರಿದ್ದಾರೆ. ಯಂತ್ರ ಸರಿಯಾಗಿ ಶಟ್‌ಡೌನ್ ಆಗದೆ ಮತ್ತೆ ಶುರುವಾಯಿತು ಎಂಬುದಕ್ಕಿಂತ ಹೆಚ್ಚೇನನ್ನೂ ಅದು ಹೇಳುವುದಿಲ್ಲ. 1074 ಎಂಬ ನಮೂದಿದ್ದರೆ ಬಳಸುವವರೋ, ಯಾವುದೋ ಪ್ರೋಗ್ರಾಂ ಅಥವಾ ಅಪ್‌ಡೇಟೋ ಶಟ್‌ಡೌನ್ ಇಲ್ಲವೇ ರೀಸ್ಟಾರ್ಟ್ ಕೇಳಿದ್ದಾರೆ ಎಂದರ್ಥ.

ಇನ್ನೊಂದು ಸರಳ ಪರೀಕ್ಷೆಯಿದೆ. ಯಂತ್ರವನ್ನು ಬಯೋಸ್ ಪರದೆಯಲ್ಲಿ (ವಿಂಡೋಸ್ ಶುರುವಾಗುವ ಮೊದಲೇ ತೆರೆಯಬಹುದಾದ ಸೆಟ್ಟಿಂಗ್ ಪರದೆ) ಅರ್ಧ ಗಂಟೆ ಹಾಗೆಯೇ ಬಿಡಿ. ಅಲ್ಲಿಯೂ ಆಫ್ ಆದರೆ ತಪ್ಪು ವಿಂಡೋಸ್‌ನದಲ್ಲ.

ನಮ್ಮ ಊರುಗಳಲ್ಲಿ ಹೆಚ್ಚು ಸಂಶಯಪಡಬೇಕಾದದ್ದು ವಿದ್ಯುತ್ತಿನ ದಾರಿಯನ್ನು. ಕರೆಂಟು ಕಣ್ಣು ಮಿಟುಕಿಸಿದಾಗ ಅಥವಾ ನೀರಿನ ಮೋಟರು ಚಾಲೂ ಆದಾಗಲೇ ಕಂಪ್ಯೂಟರ್ ಆರುತ್ತಿದ್ದರೆ ಯುಪಿಎಸ್ ಬ್ಯಾಟರಿ ಸತ್ತಿರುವ ಸಾಧ್ಯತೆ ಹೆಚ್ಚು. ಸಣ್ಣ ಯುಪಿಎಸ್‌ಗಳ 12 ವೋಲ್ಟ್ ಬ್ಯಾಟರಿ ಕೆಲವೇ ವರ್ಷಗಳಲ್ಲಿ ಸೊರಗುತ್ತದೆ, ಆದರೆ ಹಸಿರು ದೀಪ ಮಾತ್ರ ಉರಿಯುತ್ತಲೇ ಇರುತ್ತದೆ. ಯುಪಿಎಸ್ ಮತ್ತು ಎಕ್ಸ್‌ಟೆನ್ಶನ್ ಬಾಕ್ಸ್ ಎರಡನ್ನೂ ಬಿಟ್ಟು, ಅರ್ತಿಂಗ್ ಇರುವ ಗೋಡೆಯ ಸಾಕೆಟ್ಟಿಗೆ ನೇರವಾಗಿ ಜೋಡಿಸಿ ನೋಡಿ. ಸ್ವಲ್ಪ ಹೊತ್ತಿನ ನಂತರ ಪ್ಲಗ್ ಬಿಸಿಯಾಗಿದ್ದರೆ ಸಾಕೆಟ್ ಸಡಿಲಗೊಂಡಿರಬಹುದು.

ಸುಮ್ಮನಿದ್ದಾಗ ಸರಿಯಿದ್ದು, ಗೇಮ್ ಅಥವಾ ವಿಡಿಯೊ ಎಡಿಟಿಂಗ್ ಶುರುವಾದೊಡನೆ ಆಫ್ ಆಗುವುದಾದರೆ ಎಸ್‌ಎಂಪಿಎಸ್ (ಯಂತ್ರದ ಒಳಗೆ ವಿದ್ಯುತ್ ಒದಗಿಸುವ ಪೆಟ್ಟಿಗೆ) ಕಡೆ ನೋಡಬೇಕು. ಅದು ಕೊಡುವ 12 ವೋಲ್ಟ್ ಸಾಲು 11.4ರಿಂದ 12.6 ವೋಲ್ಟ್‌ನೊಳಗೆ ಇರಬೇಕು. ಬಯೋಸ್ ತೋರಿಸುವ ಅಂಕಿಯನ್ನು ಪೂರ್ತಿ ನಂಬಲಾಗದ ಕಾರಣ, ಬೇರೊಂದು ಒಳ್ಳೆಯ ಎಸ್‌ಎಂಪಿಎಸ್ ಹಾಕಿ ನೋಡುವುದೇ ಖಚಿತ ಮಾರ್ಗ. ಹಳೆಯದರ ಪೆಟ್ಟಿಗೆಯನ್ನು ಮಾತ್ರ ತೆರೆಯಬೇಡಿ. ಪ್ಲಗ್ ಕಿತ್ತ ಮೇಲೂ ಅದರ ಒಳಗಿನ ಕೆಪ್ಯಾಸಿಟರ್‌ಗಳಲ್ಲಿ (ಚಾರ್ಜ್ ಹಿಡಿದಿಡುವ ಬಿಡಿಭಾಗಗಳು) ಅಪಾಯಕಾರಿ ಚಾರ್ಜ್ ಉಳಿದಿರುತ್ತದೆ.

ಬಿಸಿಯ ದೋಷದ ಗುರುತೇ ಬೇರೆ: ಯಂತ್ರ ಹತ್ತಿಪ್ಪತ್ತು ನಿಮಿಷ ನಡೆದು ನಿಲ್ಲುತ್ತದೆ, ಕೂಡಲೇ ಮತ್ತೆ ಆನ್ ಮಾಡಿದರೆ ಇನ್ನೂ ಬೇಗ ನಿಲ್ಲುತ್ತದೆ. ಉಷ್ಣತೆ ತೋರಿಸುವ ಪ್ರೋಗ್ರಾಂ ಒಂದರಲ್ಲಿ ಪ್ರೊಸೆಸರ್ 95–100 ಡಿಗ್ರಿ ಮುಟ್ಟುತ್ತಿದ್ದರೆ, ಪ್ಲಗ್ ಕಿತ್ತು ಪಕ್ಕದ ಮುಚ್ಚಳ ತೆಗೆದು, ಫ್ಯಾನಿನ ಕೆಳಗೆ, ಪ್ರೊಸೆಸರ್‌ನ ಶಾಖ ಹೀರುವ ಲೋಹದ ಹೀಟ್‌ಸಿಂಕ್‌ನ ಸೀಳುಗಳಲ್ಲಿ ಕಂಬಳಿಯಂತೆ ಕೂತಿರುವ ಧೂಳನ್ನು ಬ್ರಷ್‌ನಿಂದ ಬಿಡಿಸಿ. ಬ್ಲೋವರ್ ಬಳಸುವಾಗ ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿದಿರಿ. ಹೀಟ್‌ಸಿಂಕ್‌ನ ನಾಲ್ಕು ಪಿನ್‌ಗಳಲ್ಲಿ ಒಂದು ಎದ್ದಿದ್ದರೂ ಶಾಖ ಇಳಿಯದು. ಹೀಟ್‌ಸಿಂಕ್ ತೆಗೆದಿದ್ದರೆ ಅದಕ್ಕೂ ಪ್ರೊಸೆಸರ್‌ಗೂ ನಡುವಿನ ಹಳೆಯ ಥರ್ಮಲ್ ಪೇಸ್ಟ್ ಒರೆಸಿ ಹೊಸದನ್ನು ಹಾಕಲೇಬೇಕು.

ಪ್ರತಿ ಸಲವೂ ಬೇರೆ ಬೇರೆ ಕೋಡ್ ಬರುತ್ತಿದ್ದರೆ ರ‍್ಯಾಮ್ ಕಡೆ ಸಂಶಯಪಡಿ. ಈ ಮೆಮೊರಿ ಪಟ್ಟಿಗಳು ಎರಡು ಇದ್ದರೆ ಒಂದನ್ನೇ ಹಾಕಿ ನಡೆಸಿ, ಆಮೇಲೆ ಅದನ್ನು ತೆಗೆದು ಇನ್ನೊಂದನ್ನು ಹಾಕಿ. ವಿಂಡೋಸ್‌ನ ಮೆಮೊರಿ ಡಯಾಗ್ನಾಸ್ಟಿಕ್‌ಗಿಂತ ‘ಮೆಮ್‌ಟೆಸ್ಟ್86’ ಎಂಬ ಪ್ರೋಗ್ರಾಂ ಅನ್ನು ರಾತ್ರಿಯಿಡೀ ಓಡಿಸುವುದು ನಂಬಿಕೆಗೆ ಯೋಗ್ಯ. ಒಂದೇ ಒಂದು ದೋಷ ಕಂಡರೂ ಕೂಡಲೇ ಕಾರಣ ಹುಡುಕಬೇಕು.

ಪವರ್ ಬಟನ್ ಒಳಗೇ ಸಿಕ್ಕಿಕೊಂಡರೂ ಇದೇ ಲಕ್ಷಣ ಕಾಣುತ್ತದೆ, ಏಕೆಂದರೆ ಅದನ್ನು ಸುಮಾರು 4 ಸೆಕೆಂಡು ಒತ್ತಿ ಹಿಡಿದಂತಾದರೆ ಯಂತ್ರ ಆಫ್ ಆಗುತ್ತದೆ. ಯಂತ್ರ ಶುರುವಾದ ಮೇಲೆ ಮದರ್‌ಬೋರ್ಡ್‌ನಿಂದ (ಎಲ್ಲ ಭಾಗಗಳೂ ಜೋಡಿಸಲ್ಪಟ್ಟ ಮುಖ್ಯ ಫಲಕ) ಆ ಬಟನ್ನಿನ ತಂತಿಯನ್ನು ಕಳಚಿಟ್ಟರೆ ಇದು ತಿಳಿಯುತ್ತದೆ. ಇಷ್ಟೆಲ್ಲ ಸರಿಯಿದ್ದರೆ ಉಳಿಯುವುದು ಮದರ್‌ಬೋರ್ಡ್. ಅದರ ಮೇಲಿನ ಕೆಪ್ಯಾಸಿಟರ್‌ಗಳ ತಲೆ ಉಬ್ಬಿದೆಯೇ ನೋಡಿ, ಬರೆದಿಟ್ಟ ಕೋಡ್‌ಗಳ ಸಮೇತ ಅಂಗಡಿಗೆ ಒಯ್ಯಿರಿ.