ಪಚ್ಚಿಲೆ ಕೃಷಿ: ನಮ್ಮ ಸಂಘದ ಲೆಕ್ಕ

ಕುಂದಾಪುರದ ಪಂಚಗಂಗಾವಳಿ ಹೊಳೆಯಲ್ಲಿ ಪಚ್ಚಿಲೆ (ಬಂಡೆಗೆ ಅಂಟಿ ಬೆಳೆಯುವ, ತಿನ್ನುವ ಹಸಿರು ಚಿಪ್ಪಿನ ಜೀವಿ) ಬೆಳೆಸುತ್ತೇವೆ ಅಂದಾಗ ನಮ್ಮ ಕೇರಿಯ ದೋಣಿಯವರೇ ನಂಬಲಿಲ್ಲ. "ಬಂಡೆ ಮೇಲೆ ತಾನಾಗಿ ಬರೋದಕ್ಕೆ ಹಗ್ಗ ಯಾಕೆ ಕಟ್ತೀರಿ?" ಎಂದರು. ಈ ಸಲ ಮೀಟರ್ ಹಗ್ಗಕ್ಕೆ ಎಂಟೊಂಬತ್ತು ಕೆ.ಜಿ. ಬಂತು. ಈಗ ಅವರೇ ಬಿದಿರಿನ ರೇಟು ಕೇಳುತ್ತಿದ್ದಾರೆ.

ಹೊಳೆಯಲ್ಲಿ ಬಿದಿರಿನ ಚಪ್ಪರ ಹಾಕೋದು, ಪಚ್ಚಿಲೆ ಮರಿಯನ್ನು ಬಟ್ಟೆಯಲ್ಲಿ ಹಗ್ಗಕ್ಕೆ ಸುತ್ತಿ ಚಪ್ಪರದಿಂದ ನೀರಿಗೆ ಇಳಿಬಿಡೋದು, ಇಷ್ಟೇ ಈ ಕೃಷಿ. ಕಾಸರಗೋಡಿನ ಪಡನ್ನದಲ್ಲಿ 1990ರ ದಶಕದಲ್ಲೇ ಹೆಂಗಸರ ಸಂಘಗಳು ಇದನ್ನು ಮಾಡಿ ತೋರಿಸಿವೆ. ನಮಗೆ ಕೈಕೊಟ್ಟಿದ್ದು ಮರಿ ಸುತ್ತುವ ಆ ಬಟ್ಟೆ. ಮರಿ ಹಗ್ಗ ಹಿಡಿಯುವ ಹೊತ್ತಿಗೆ ಅದು ನೀರಲ್ಲಿ ಕರಗಬೇಕು. ಹತ್ತಿಯದು ಎಂದು ಅಂಗಡಿಯವರು ಕೊಟ್ಟ ಸೊಳ್ಳೆಪರದೆಯಲ್ಲಿ ನೈಲಾನ್ ಬೆರೆತಿತ್ತು. ವಾರವಾದರೂ ಕರಗಲಿಲ್ಲ. ಬಿಚ್ಚಿ ನೋಡಿದರೆ ಒಳಗಿನ ಮರಿಯೆಲ್ಲ ಬಾಯಿ ಬಿಟ್ಟು ಕೊಳೆತಿತ್ತು. ಎಂಟು ಸಾವಿರ ರೂಪಾಯಿಯಷ್ಟು ಹೊಳೆ ಪಾಲು.

ಈಗ ಹಳೇ ಹತ್ತಿ ಪಂಚೆ ಹರಿದು ಸುತ್ತುತ್ತೇವೆ. ಗೇಣಗಲದ ಪಟ್ಟಿ, ಒಳಗೆ ಹೆಬ್ಬೆರಳಿನ ಉಗುರಿನಷ್ಟು ಮರಿ, ಉದ್ದಕ್ಕೂ ದೊಡ್ಡ ದೊಡ್ಡ ಹೊಲಿಗೆ. ಮೂರು ದಿನಕ್ಕೆ ಬಟ್ಟೆ ಲಡ್ಡಾಗುತ್ತದೆ. ಅಷ್ಟರಲ್ಲಿ ಮರಿ ತನ್ನ ಮೈಯಿಂದ ನಾರು ಹೊರಬಿಟ್ಟು ಹಗ್ಗ ಹಿಡಿದಿರುತ್ತದೆ. ಮೀಟರಿಗೆ ಒಂದೂವರೆ ಕೆ.ಜಿ. ಮರಿ ಸಾಕು. ಗೇಣಿಗೊಂದರಂತೆ ಹಗ್ಗದ ಎಳೆ ನಡುವೆ ಬಿದಿರು ಕಡ್ಡಿ ತೂರಿಸಿ. ಇಲ್ಲದಿದ್ದರೆ ಮಾರ್ಚಿನಲ್ಲಿ ಭಾರಕ್ಕೆ ಪೂರಾ ಜಾರುತ್ತದೆ. ಮರಿ ಯಾವ ಬಂಡೆಯದು, ಯಾವ ಇಳಿತಕ್ಕೆ ತೆಗೆಯೋದು, ಅದು ಮಾತ್ರ ನಮ್ಮ ಸಂಘದೊಳಗೇ ಇರಲಿ.

ಒಂದು ವರ್ಷ ಮೇ ತಿಂಗಳಲ್ಲೇ ಮಳೆ ಹೊಡೆಯಿತು. ಹೊಳೆ ಸಿಹಿಯಾಯಿತು, ಅರ್ಧಕ್ಕರ್ಧ ಬೆಳೆ ಸತ್ತಿತು. ಆಮೇಲಿಂದ ಏಪ್ರಿಲ್ ಕೊನೆಗೇ ಕೊಯ್ಲು ಶುರು. ಇನ್ನೊಂದು ವಾರ ಬಿಟ್ಟರೆ ದಪ್ಪ ಆಗುತ್ತದೆ ಅನ್ನೋ ಆಸೆ ಬೇಡವೇ ಬೇಡ.

ಸಾಲ ಕೇಳಲು ಹೋದ ಕಡೆ ಜಾಗದ ಪಹಣಿ ಕೇಳಿದರು. ಹೊಳೆಗೆ ಪಹಣಿ ಎಲ್ಲಿಂದ ತರೋದು? ಸಂಘದ ಉಳಿತಾಯವನ್ನೇ ಹಾಕಿದೆವು. ನೂರು ಹಗ್ಗದ ಚಪ್ಪರಕ್ಕೆ ಹತ್ತಿರ ಹತ್ತಿರ 30 ಸಾವಿರ. ದಕ್ಕೆಗೆ ಬಂದ ವ್ಯಾಪಾರಿ ಚಿಪ್ಪು ಸಮೇತ ಕೆ.ಜಿ.ಗೆ 50 ರೂಪಾಯಿ ಅಂದ. ಕೊಡಲಿಲ್ಲ. ಒಂದು ರಾತ್ರಿ ಶುದ್ಧ ಉಪ್ಪುನೀರಿನಲ್ಲಿ ಬಿಟ್ಟು, ಮರಳು ಕಕ್ಕಿಸಿ, ಬೇಯಿಸಿ, ಬಿಡಿಸಿ ನಾವೇ ಮಾರಿದೆವು. ಐದು ಕೆ.ಜಿ. ಚಿಪ್ಪಿಗೆ ಒಂದು ಕೆ.ಜಿ. ಮಾಂಸ, ಅದಕ್ಕೆ 450ರ ಆಸುಪಾಸು. ಖರ್ಚು ಕಳೆದು 40 ಸಾವಿರದ ಮೇಲೆ ಉಳಿಯಿತು. ಚಿಪ್ಪು ಸುಣ್ಣದ ಗೂಡಿಗೆ ಹೋಯಿತು. ಹಗ್ಗ ಒಂದು ಬಿಟ್ಟರೆ ಮರಿ, ಬಿದಿರು, ಪಂಚೆ, ಕೂಲಿ ಎಲ್ಲ ಊರಿನದ್ದೇ. ಹಾಗಾಗಿ ದುಡ್ಡೂ ಊರಲ್ಲೇ ಉಳಿಯಿತು. ಇದನ್ನು ನಾನು ಎದೆ ತಟ್ಟಿ ಹೇಳುತ್ತೇನೆ.

ಅಗ್ಗ ಅಂತ ತೆಂಗಿನ ನಾರಿನ ಹಗ್ಗವನ್ನೂ ನೋಡಿದ್ದಾಯಿತು. ಬೆಳೆ ತುಂಬುವ ಹೊತ್ತಿಗೆ ಕಡಿದು ಬಿತ್ತು. ಚಪ್ಪರದ ಅಂಚಿಗೆ ಕಲ್ವದ (ಪಚ್ಚಿಲೆಯಂತೆಯೇ ತಿನ್ನುವ ಇನ್ನೊಂದು ಚಿಪ್ಪಿನ ಜೀವಿ) ಖಾಲಿ ಚಿಪ್ಪು ಪೋಣಿಸಿ ತೂಗಿಬಿಟ್ಟಿದ್ದೆವು. ಅದಕ್ಕೆ ಕಲ್ವದ ಮರಿ ಅಂಟಿದೆ, ಈಗ ಎರಡು ರೂಪಾಯಿ ನಾಣ್ಯದಷ್ಟಾಗಿದೆ. ಅಳಿವೆ ಕಡೆ ಉಪ್ಪು ಜಾಸ್ತಿ ಇರುವ ಜಾಗಕ್ಕೆ ಸಾಗಿಸಿದರೆ ಮಳೆಗಾಲ ದಾಟುತ್ತದಾ ನೋಡಬೇಕು. ಯಾರಾದರೂ ಮಾಡಿದ್ದರೆ ಹೇಳಿ.